ಲೆಕ್ಕದ ಹಾಳೆಯ ಹಬ್ಬದ ಚಿತ್ರಗಳು: ರಸಿಕರಿಗೊಂದು ಕೈಪಿಡಿ

ಎಕ್ಸೆಲ್ ಹಾಳೆಯಲ್ಲಿ ರಚಿತವಾದ ಹಬ್ಬದ ಚಿತ್ರವೊಂದು ಕಣ್ಣಿಗೆ ಬಿದ್ದಾಗ ಹೊಸ ರಸಿಕನು ಪ್ರಥಮತಃ ಪರೀಕ್ಷಿಸತಕ್ಕದ್ದು ಅದರ ಮನೆಗಳ ಆಕಾರವನ್ನು. ಕರಣಿಕರ ಅನುಕೂಲಕ್ಕಾಗಿ ಹುಟ್ಟಿದ ಈ ಹಾಳೆಯಲ್ಲಿ, ಸೆಲ್ಲೆಂದು ಕರೆಯಲ್ಪಡುವ ಮನೆಯು ಅಂಕಿಗಳಿಗೆ ಎಡೆಗೊಡಲೋಸುಗ ಸಾಮಾನ್ಯವಾಗಿ 64 ಪಿಕ್ಸೆಲ್ ಅಗಲವಾಗಿಯೂ 20 ಪಿಕ್ಸೆಲ್ ಎತ್ತರವಾಗಿಯೂ ಇರುವುದರಿಂದ, ಕಾಲಂಗಳನ್ನು ಕಿರಿದುಗೊಳಿಸಿ ಚೌಕಗಳನ್ನಾಗಿ ಮಾಡಿಕೊಳ್ಳದೆಯೇ ಬಣ್ಣ ತುಂಬತೊಡಗಿದವನ ಕ್ರಿಸ್‌ಮಸ್ ವೃಕ್ಷವು, ಎತ್ತರಕ್ಕೆ ನಿಲ್ಲಲಾರದೆ, ಗೂಟ ಕಿತ್ತ ಡೇರೆಯಂತೆ ನೆಲಕ್ಕೆ ಹರಡಿಕೊಳ್ಳುವುದು.

ಅನಂತರ ನೋಡಬೇಕಾದುದು ಮಿತವ್ಯಯ. 1984ರಲ್ಲಿ ಹೊರಬಂದ ಮ್ಯಾಕಿಂಟಾಷ್ ಗಣಕಕ್ಕೆ ಸೂಸನ್ ಕೇರ್ ಎಂಬ ಕಲಾವಿದೆಯು 32ಕ್ಕೆ 32 ಮನೆಗಳ ಮಿತಿಯೊಳಗೆ, ಕಪ್ಪು ಬಿಳುಪುಗಳೆರಡರಿಂದಲೇ, ಚಿಹ್ನೆಗಳನ್ನು ರೂಪಿಸಿದರು. ಇಂದಿನ ಎಕ್ಸೆಲ್ ಹಾಳೆಯಾದರೋ 16,384 ಕಾಲಂಗಳನ್ನೂ 10,48,576 ಸಾಲುಗಳನ್ನೂ ಒದಗಿಸುತ್ತದೆ. ಈ ಸಮೃದ್ಧಿಗೆ ಮರುಳಾಗಿ, ಛಾಯಾಚಿತ್ರವೊಂದನ್ನು ಯಂತ್ರದಿಂದಲೇ ಸಹಸ್ರಾರು ಮನೆಗಳಾಗಿ ಒಡೆಸಿ ತಂದಿಟ್ಟರೆ ಅದು ಬೆರಗನ್ನುಂಟುಮಾಡಬಹುದು. ರಸವನ್ನು ಕೊಡಲಾರದೆಂಬುದು ನನ್ನ ಅಭಿಮತ. ಮನೆಗಳು ಕೆಲವೇ ಇದ್ದಾಗ ಒಂದೊಂದರ ಬಣ್ಣಕ್ಕೂ ಕರ್ತೃವು ಉತ್ತರವಾದಿಯಾಗುತ್ತಾನೆ. ಹಿಮಮಾನವನ ದುಂಡುಹೊಟ್ಟೆಯ ಅಂಚಿನಲ್ಲಿ ಮೆಟ್ಟಿಲುಗಳು 5, 3, 2, 1 ಎಂದು ಕ್ರಮವಾಗಿ ಕಿರಿದಾಗುತ್ತ ಬಂದಿವೆಯೆ, ನಡುವೆ ಎಲ್ಲಿಯಾದರೂ ಎಡವಿವೆಯೆ? ಬಿಳಿಯ ಹಾಳೆಯ ಮೇಲೆ ಬಿಳಿಯ ಹಿಮಮಾನವನನ್ನು ಉಳಿಸಿಕೊಳ್ಳಲು ಆತನ ಹಿಂದೆ ಕಡುನೀಲಿಯ ಇರುಳನ್ನು ಹರಡಲಾಗಿದೆಯೆ? ವೃಕ್ಷದ ಅಗಲವು ಬೆಸಸಂಖ್ಯೆಯಾಗಿದ್ದು, ತುದಿಯ ನಕ್ಷತ್ರಕ್ಕೆ ನಟ್ಟನಡುವಿನ ಮನೆಯೊಂದು ದೊರೆತಿದೆಯೆ? ಸಮೀಪದಿಂದ ಇವನ್ನೆಲ್ಲ ಪರಿಶೀಲಿಸಿ, ಬಳಿಕ ಹಾಳೆಯನ್ನು ನಾಲ್ಕನೆಯ ಒಂದು ಪ್ರಮಾಣಕ್ಕೆ ಕುಗ್ಗಿಸಿ ನೋಡತಕ್ಕದ್ದು.

ಆದರೆ ಇಷ್ಟು ಗುಣಗಳು ಯಾವುದೇ ಚೌಕಳಿ ಕಾಗದದಲ್ಲಿಯೂ ಸಾಧ್ಯ. ಈ ಕಲೆಯ ಸ್ವಂತ ಸೊಗಸಿರುವುದು ಬಣ್ಣದ ಕೆಳಗೆ ಅಡಗಿದ ಅಂಕಿಯಲ್ಲಿ. ಕಂಡೀಷನಲ್ ಫಾರ್ಮ್ಯಾಟಿಂಗ್ ಎಂಬ ಸೌಕರ್ಯದಿಂದ 1 ಇದ್ದಲ್ಲಿ ಹಸಿರು, 2 ಇದ್ದಲ್ಲಿ ಕೆಂಪು ಎಂದು ವಿಧಿಸಿ, ಸಂಖ್ಯಾನಮೂನೆಯ ಸ್ಥಾನದಲ್ಲಿ ಮೂರು ಅರ್ಧವಿರಾಮಗಳನ್ನು ಬರೆದರೆ ಅಂಕಿಗಳು ಅದೃಶ್ಯವಾಗಿ ವರ್ಣಗಳು ಮಾತ್ರ ಉಳಿಯುವುವು. ಅಮೆರಿಕದ ಶಾಲಾಶಿಕ್ಷಕರು ಇದನ್ನೇ ಹಬ್ಬದ ದಿನಗಳ ಪಾಠವನ್ನಾಗಿ ಮಾಡಿಕೊಂಡಿದ್ದಾರೆ: ಬಾಲಕನು ಗುಣಾಕಾರಕ್ಕೆ ಸರಿಯುತ್ತರ ಬರೆದಂತೆಲ್ಲ ಚಿತ್ರದ ಒಂದೊಂದು ಭಾಗವು ಬಣ್ಣಗೊಳ್ಳುತ್ತ, ಕಡೆಗೆ ಹ್ಯಾಲೋವೀನಿನ ಕುಂಬಳಕಾಯಿಯೋ ಕ್ರಿಸ್‌ಮಸ್ಸಿನ ಉಡುಗೊರೆಯ ಪೆಟ್ಟಿಗೆಯೋ ಪೂರ್ಣವಾಗಿ ಕಾಣಿಸಿಕೊಳ್ಳುತ್ತದೆ. ಇನ್ನೂ ಚತುರರಾದವರು ವೃಕ್ಷದ ದೀಪಗಳಿರುವ ಮನೆಗಳಲ್ಲಿ ರ‍್ಯಾಂಡ್‌ಬಿಟ್ವೀನ್ ಎಂಬ ಸೂತ್ರವನ್ನಿಟ್ಟಿರುತ್ತಾರೆ. ಎಫ್‌9 ಕೀಲಿಯನ್ನು ಒತ್ತಿದಾಗಲೆಲ್ಲ ಅಂಕಿಗಳು ಹೊಸದಾಗಿ ಹುಟ್ಟಿ, ದೀಪಗಳು ಬಣ್ಣ ಬದಲಿಸಿ ಮಿನುಗುತ್ತವೆ. ನಮ್ಮ ದೀಪಾವಳಿಯ ಹಣತೆಗೂ ಈ ಸೂತ್ರವು ಚೆನ್ನಾಗಿ ಒಪ್ಪುವುದು.

ಆದಕಾರಣ, ಮಿತ್ರರು ಇಂಥ ಚಿತ್ರದ ಪಡಿಯಚ್ಚನ್ನು ಮಾತ್ರ ಕಳುಹಿಸಿದರೆ ಸುಮ್ಮನಾಗದೆ ಮೂಲ ಕಡತವನ್ನೇ ಕೇಳಿ ಪಡೆಯಿರಿ. ನಾಲ್ಕಾರು ಮನೆಗಳನ್ನು ಒತ್ತಿ, ಒಳಗೇನಿದೆಯೆಂದು ಕಂಡ ಬಳಿಕವೇ ಮೆಚ್ಚಿಕೆಯ ಮಾತನ್ನಾಡಿರಿ.