ಬೆಳೆಯೋ, ಬೆಲೆಯೋ?

ಬ್ಯಾಂಕಿನ ವರ್ಗಾವಣೆ ನನ್ನನ್ನು ದೆಹಲಿಗೆ ತಂದು ಹಾಕಿತು. ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ಲೆಡ್ಜರಿನಲ್ಲಿ ಇಂಗ್ಲಿಷ್, ಕೌಂಟರಿನಲ್ಲಿ ಹಿಂದಿ, ಮನೆಯಲ್ಲಿ ಕನ್ನಡ. ಹೀಗೆ ಬದುಕುವವರಿಗೆ ಏನು ಬೇಕು ಅನ್ನೋದು ನಮ್ಮ ಹಾಗೇ ಊರು ಬಿಟ್ಟಿದ್ದ ಒಬ್ಬ ಎಂಜಿನಿಯರಿಗೆ ಹೊಳೆದಿತ್ತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ತಂತ್ರಾಂಶವನ್ನು ನಾನು ಒಂದು ಕೃತಿ ಎಂದೇ ಓದುತ್ತೇನೆ.

ಅದರ ನಿಲುವು ಇಷ್ಟು: ಕೀಲಿಮಣೆ ಇಂಗ್ಲಿಷಿನದೇ ಇರಲಿ, ಕಿವಿ ಮಾತ್ರ ಕನ್ನಡದ್ದಿರಬೇಕು. ಚಿಕ್ಕ ಎಲ್ ಒತ್ತಿದರೆ ಲಕಾರ, ದೊಡ್ಡ ಎಲ್ ಒತ್ತಿದರೆ ಳಕಾರ. ಚಿಕ್ಕ ಇ ಅಂದರೆ ‘ಎ’, ದೊಡ್ಡ ಇ ಅಂದರೆ ‘ಏ’. ಹೊಸದಾಗಿ ಕಲಿಯೋದು ಏನೂ ಇಲ್ಲ ಅಂತ ಎಲ್ಲರೂ ಹೊಗಳಿದರು. ನಮ್ಮ ಮನೆಯಲ್ಲಿ ಆದದ್ದು ಬೇರೆ.

ಮಗ ಇಲ್ಲೇ ಬೆಳೆದವನು. ಅವನು ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ಳಕಾರವಿಲ್ಲ, ಹ್ರಸ್ವ ಎಕಾರವನ್ನು ಬೇರೆಯಾಗಿ ಬರೆಯುವುದೂ ಇಲ್ಲ. 2002ರಲ್ಲಿ ಹಾಸನದ ಕಡೆ ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಮೊದಲ ಕಾಗದ ಟೈಪು ಮಾಡಿದ: ‘ಅತ್ತೆ, ಈ ಸಲ ಬೆಲೆ ಹೇಗಿದೆ?’ ಅಕ್ಕ ಆಲೂಗಡ್ಡೆ ರೇಟು ಪೂರ್ತಿ ಬರೆದು ಕಳಿಸಿದಳು! ಪಾಪ, ಅವನು ಕೇಳಿದ್ದು ಬೆಳೆ. ತಿದ್ದಲು ಹೋಗಿ ಇ ಅಕ್ಷರವನ್ನೂ ದೊಡ್ಡದು ಮಾಡಿದ, ‘ಬೇಳೆ’ ಬಂತು. ಆ ಮಧ್ಯಾಹ್ನ ಶಿಫ್ಟ್ ಕೀಲಿಯ ಮೇಲೆ ಬೆರಳಿಟ್ಟುಕೊಂಡು ನಾಲಿಗೆ ಮಡಿಸುವುದನ್ನು ಕಲಿತ. ನಾನು ವರ್ಷಗಟ್ಟಲೆ ಬೈದರೂ ಬಾರದ ಳಕಾರ ಅದು.

ನನ್ನ ತಕರಾರೂ ಇದೆ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ‘ಕ’ಕ್ಕೆ ಒಂದೇ ಕೀಲಿ; ನಮ್ಮ ಲಿಪಿಯ ಹಾಗೆ ಅಕಾರ ಅದರೊಳಗೇ ಇದೆ. ‘ಕನ್ನಡ’ ಅಂತ ಬರೆಯಲು ಅಲ್ಲಿ ಐದು ಕೀಲಿ, ‘ಬರಹ’ದ ಲಿಪ್ಯಂತರದಲ್ಲಿ ಏಳು. (ಬ್ಯಾಂಕಿನವನು, ಲೆಕ್ಕ ಬಿಡೋದಿಲ್ಲ.) ಎರಡು ಕೀಲಿ ಹೆಚ್ಚಾದರೆ ಗಂಟೇನೂ ಹೋಗೋದಿಲ್ಲ. ಆದರೆ ಪ್ರತಿ ಪದಕ್ಕೂ ಇಂಗ್ಲಿಷ್ ಸ್ಪೆಲ್ಲಿಂಗಿನ ಹೊಸ್ತಿಲು ದಾಟಿಯೇ ಬರಬೇಕು. ಹಗಲೆಲ್ಲ ಇಂಗ್ಲಿಷಿನಲ್ಲಿ ದುಡಿಯುವ ಎಂಜಿನಿಯರಿಗೆ ಅದು ಹೊಸ್ತಿಲು ಅಂತಲೂ ಅನ್ನಿಸದು. ಇಂಗ್ಲಿಷ್ ಬಾರದ ನನ್ನ ಅಕ್ಕನಿಗೆ ಅದು ಗೋಡೆ. ನಮ್ಮಂಥವರಿಗಾಗಿ ಕಟ್ಟಿದ ಸೇತುವೆಯ ಆ ತುದಿಯಲ್ಲಿ ಅವಳಿಗೆ ಮೆಟ್ಟಿಲಿರಲಿಲ್ಲ, ಪೆನ್ನಿನಲ್ಲೇ ಬರೆದಳು.

ಈಚೆಗೆ ಆ ಹಳೇ ಕಾಗದದ ಕಡತ ತೆರೆದೆ. ಯೂನಿಕೋಡ್ ಅಲ್ಲದ ಕಾಲದ್ದು. ಫಾಂಟ್ ಹಾಕಿಕೊಳ್ಳದ ತಪ್ಪು ನನ್ನದೇ. ಪರದೆ ತುಂಬ ತಲೆಬುಡವಿಲ್ಲದ ಚಿಹ್ನೆಗಳು. ಈಗ ತಾನೂ ಸಾಫ್ಟ್‌ವೇರಿನಲ್ಲಿರುವ ಮಗ ಫೋನಿನಲ್ಲೇ ಹೇಳಿಕೊಟ್ಟು ಪರಿವರ್ತನೆ ಮಾಡಿಸಿದ. ‘ಬೆಲೆ’ ಬೆಲೆಯಾಗಿಯೇ ಬಂತು. ‘ತಿದ್ದಲೇನೋ?’ ಅಂದೆ. ‘ಬೇಡ ಅಪ್ಪ, ಅತ್ತೆ ಅದಕ್ಕೇ ಅಲ್ವಾ ಉತ್ತರ ಬರೆದಿದ್ದು’ ಅಂದ.