ಗೇರ್ ಇಳಿಯುವ ಆ ಅರೆಗಳಿಗೆ

ಗೇರ್ ಏರಿಸುವುದು ಯಾರಿಗಾದರೂ ಬರುತ್ತದೆ. ಕ್ಲಚ್ ಒತ್ತಿ, ಎಕ್ಸಲರೇಟರ್ ಮೇಲಿನ ಕಾಲು ತೆಗೆದರೆ ಎಂಜಿನ್ನಿನ ಸುತ್ತು ತಾನಾಗಿಯೇ ಇಳಿಯುತ್ತದೆ. ಮೇಲಿನ ಗೇರಿಗೆ ಬೇಕಾದದ್ದೂ ಕಡಿಮೆ ಸುತ್ತೇ. ಚಾಲಕ ಒಂದಿಷ್ಟು ತಡ ಮಾಡಿದರೂ ಗಾಡಿ ಸಹಿಸಿಕೊಳ್ಳುತ್ತದೆ. ಇಳಿಸುವಾಗ ಹಾಗಲ್ಲ. ಕೆಳಗಿನ ಗೇರಿಗೆ ಹೆಚ್ಚು ಸುತ್ತು ಬೇಕು, ಕ್ಲಚ್ ಒತ್ತಿದ ಕ್ಷಣದಿಂದ ಎಂಜಿನ್ ಮಾತ್ರ ಕೆಳಕ್ಕೇ ಹೊರಟಿರುತ್ತದೆ. ಬೇಕಾದದ್ದು ಮೇಲೆ, ಇರುವುದು ಕೆಳಗೆ. ಈ ಅಂತರವನ್ನು ಅರೆಗಳಿಗೆಯಲ್ಲಿ ತುಂಬಿಕೊಡುವವನೇ ಚಾಲಕ. ತುಂಬದಿದ್ದರೆ ಕ್ಲಚ್ ಬಿಟ್ಟಾಗ ಗಾಡಿ ಮುಗ್ಗರಿಸುತ್ತದೆ, ಹಿಂದೆ ಕೂತವರ ಕುತ್ತಿಗೆ ಮುಂದಕ್ಕೆ ಬಾಗುತ್ತದೆ.

ಈಚಿನ ವರ್ಷಗಳಲ್ಲಿ ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸುವ ವ್ಯವಸ್ಥೆ ಬಂದಿದೆ. ರೆವ್-ಮ್ಯಾಚಿಂಗ್ ಎನ್ನುತ್ತಾರೆ. ಕ್ಲಚ್ ಪೆಡಲ್ಲೂ ನಮ್ಮದೇ, ಗೇರ್ ಲಿವರೂ ನಮ್ಮದೇ; ನಡುವಿನ ಆ ಒಂದು ‘ರೇಸ್’ ಮಾತ್ರ ಗಾಡಿಯೇ ಕೊಟ್ಟುಕೊಳ್ಳುತ್ತದೆ. ಇದರಿಂದ ಚಾಲನೆಯ ಕಲೆ ಸತ್ತಿತು ಎಂದು ಹಳಹಳಿಸುವವರಿದ್ದಾರೆ. ನಾನು ಆ ಗುಂಪಿನವನಲ್ಲ.

ಗಜೇಂದ್ರಗಡದ ಸುತ್ತಿನವರಿಗೆ ಈ ವಿಷಯ ದೂರದ್ದೇನಲ್ಲ. ನರೇಗಲ್ ಕಡೆಯಿಂದ ಬರುವಾಗ ಎರಿ ಹೊಲಗಳ ನಡುವೆ ರಸ್ತೆ ಮೈಲುಗಟ್ಟಲೆ ನೆಟ್ಟಗೆ ಹಾಸಿರುತ್ತದೆ, ಟಾಪ್ ಗೇರ್ ಬಿಟ್ಟು ಕೈ ಅಲುಗಿಸುವ ಪ್ರಸಂಗವೇ ಬರುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಗುಡ್ಡ. ಗುಡ್ಡದ ಒಡಲಲ್ಲಿ ಕಾಲಕಾಲೇಶ್ವರನ ಗುಡಿ, ನೆತ್ತಿಯ ಮೇಲೆ ಸಾಲು ಗಾಳಿಯಂತ್ರಗಳು. ಬಯಲಿನಲ್ಲಿ ಓಡಿಸಿ ರೂಢಿಯಾದ ಕಾಲು ಏರು-ಇಳಿಜಾರಿಗೆ ಬಂದಾಗಲೇ ಅದರ ಪಾಠ ಎಷ್ಟಾಗಿದೆ ಎಂಬುದು ಗೊತ್ತಾಗುವುದು.

ಹಿಂದಿನ ಬಸ್ ಚಾಲಕರಿಗೆ ಈ ಪಾಠ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಸಿಂಕ್ರೊಮೆಷ್ ಇಲ್ಲದ ಗೇರ್‌ಬಾಕ್ಸಿನಲ್ಲಿ ಸುತ್ತು ಹೊಂದದೆ ಹಲ್ಲು ಕೂಡುವುದಿಲ್ಲ. ಕಿರ್ರೆಂದು ಕಿರುಚಿ ಲಿವರ್ ಕೈಯನ್ನೇ ಒದೆಯುತ್ತದೆ. ಅದಕ್ಕೇ ಡಬಲ್ ಕ್ಲಚ್. ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತರಬೇಕು, ಕ್ಲಚ್ ಬಿಟ್ಟು ಒಂದು ರೇಸ್ ಕೊಡಬೇಕು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್ ಹಾಕಬೇಕು. ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆ 1997ರಲ್ಲಿ ಬೇರೆಯಾಗುವುದಕ್ಕೂ ಮುಂಚಿನಿಂದ ಬಸ್ ಓಡಿಸಿ, ಈಗ ಮನೆಯಲ್ಲಿರುವ ಹಿರಿಯರೊಬ್ಬರನ್ನು ಸರಿಯಾದ ಗೇರಿನ ಗುರುತೇನು ಎಂದು ಕೇಳಿದ್ದೆ. “ಕಂಡಕ್ಟರ್ ಟಿಕೆಟ್ ಹರಿಯೂವಾಗ ಕೈ ಅಳ್ಳಾಡಬಾರ್ದ್ರಿ. ಅಳ್ಳಾಡ್ಲಿಲ್ಲಂದ್ರ ಗೇರ್ ಬರೋಬರಿ ಬಿತ್ತು ಅಂತ ತಿಳೀಬೇಕು” ಎಂದರು. ರೆವ್-ಮ್ಯಾಚಿಂಗ್ ಬಗ್ಗೆ ನಾನು ಓದಿದ ಯಾವ ಲೇಖನದಲ್ಲೂ ಇದಕ್ಕಿಂತ ಖಚಿತವಾದ ಅಳತೆ ಸಿಕ್ಕಿಲ್ಲ.

ಸಿಂಕ್ರೊಮೆಷ್ ಹಳೆಯ ಸಂಗತಿ. ಅಮೆರಿಕದ ಅರ್ಲ್ ಥಾಂಪ್ಸನ್ ರೂಪಿಸಿದ ಈ ಏರ್ಪಾಟನ್ನು ಕ್ಯಾಡಿಲಾಕ್ ಕಂಪನಿ 1928ರಲ್ಲಿ ಕಾರಿಗೆ ಅಳವಡಿಸಿತು. ಹಲ್ಲು ಹಲ್ಲಿಗೆ ಕೂಡುವ ಮುನ್ನ ಶಂಕುವಿನಾಕಾರದ ಒಂದು ಬಳೆ ಗೇರಿಗೆ ಒರಸಿ ಎರಡರ ವೇಗವನ್ನೂ ಒಂದಾಗಿಸುತ್ತದೆ. ಓಡುವ ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿ, ವೇಗ ಹೊಂದಿದ ಮೇಲೆ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗೆ. ನಮ್ಮ ಅಂಬಾಸಡರ್‌ಗಳಲ್ಲಿ ಬಹುಕಾಲ ಮೊದಲ ಗೇರಿಗೆ ಸಿಂಕ್ರೊಮೆಷ್ ಇರಲಿಲ್ಲ, ಹಳೆಯ ವಿಲ್ಲಿಸ್ ಜೀಪಿಗೂ ಇರಲಿಲ್ಲ. ಇವತ್ತಿನ ಕಾರುಗಳಲ್ಲಿ ಮುಂದಿನ ಗೇರುಗಳಿಗೆಲ್ಲ ಉಂಟು. ಹಾಗಾಗಿ ಹಲ್ಲಿನ ಕಿರುಚಾಟ ನಿಂತಿತು. ಮುಗ್ಗರಿಸುವುದು ಮಾತ್ರ ನಿಲ್ಲಲಿಲ್ಲ. ಏಕೆಂದರೆ ಸಿಂಕ್ರೊಮೆಷ್ ಹೊಂದಿಸುವುದು ಗೇರ್‌ಬಾಕ್ಸಿನ ಒಳಗಿನ ವೇಗಗಳನ್ನು. ಕ್ಲಚ್ಚಿನ ಈಚೆಗಿರುವ ಎಂಜಿನ್, ಅದರ ಭಾರವಾದ ಫ್ಲೈವೀಲ್, ಇನ್ನೂ ತಮ್ಮ ಪಾಡಿಗೆ ನಿಧಾನವಾಗಿ ತಿರುಗುತ್ತಿರುತ್ತವೆ.

ಒಂದು ಲೆಕ್ಕ ಮಾಡೋಣ. ಟೈರಿನ ಸುತ್ತಳತೆ 2 ಮೀಟರ್ ಎಂದಿಟ್ಟುಕೊಳ್ಳಿ. 18 ಇಂಚಿನ ಚಕ್ರದ ಸ್ಪೋರ್ಟ್ಸ್ ಕಾರಿನದು ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1000 ಮೀಟರ್, ಅಂದರೆ ಚಕ್ರ ನಿಮಿಷಕ್ಕೆ 500 ಸುತ್ತು ತಿರುಗಬೇಕು. ಡಿಫರೆನ್ಷಿಯಲ್ಲಿನ ಅನುಪಾತ 4 ಇದ್ದರೆ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿಗೆ 2000 ಸುತ್ತು. ಮೂರನೇ ಗೇರಿನ ಅನುಪಾತ 1.4 ಆದರೆ ಎಂಜಿನ್ 2800ರಲ್ಲಿ ಇರುತ್ತದೆ, ಎರಡನೆಯದು 2 ಆದರೆ ಅದು 4000ಕ್ಕೆ ಏರಬೇಕು. ನಡುವಿನ ಅಂತರ 1200 ಸುತ್ತು. ಈ 1200ನ್ನು ಯಾರಾದರೂ ಕೊಡಲೇಬೇಕು. ಚಾಲಕ ಕೊಡದಿದ್ದರೆ ರಸ್ತೆ ಕೊಡುತ್ತದೆ: ಉರುಳುತ್ತಿರುವ ಚಕ್ರಗಳು ಕ್ಲಚ್ ಪ್ಲೇಟಿನ ಮೂಲಕ ಎಂಜಿನ್ನನ್ನು ಎಳೆದು ಮೇಲೆತ್ತುತ್ತವೆ. ಪ್ಲೇಟ್ ಉಜ್ಜಿ ಬಿಸಿಯಾಗುತ್ತದೆ. ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುವ ಗಾಡಿಯಾದರೆ, ಬ್ರೇಕ್ ಒತ್ತಿ ಭಾರವೆಲ್ಲ ಮುಂದಕ್ಕೆ ವಾಲಿರುವ ಹೊತ್ತಿನಲ್ಲೇ ಹಿಂದಿನ ಟೈರುಗಳ ಮೇಲೆ ಈ ಎಳೆತ ಬೀಳುತ್ತದೆ. ಮೊದಲ ಮಳೆಯಲ್ಲಿ ಧೂಳು ಕಲಸಿದ ರಸ್ತೆಯ ಮೇಲೆ, ತಿರುವಿನಲ್ಲಿ, ಹಿಂಭಾಗ ಜಾರುವುದಕ್ಕೆ ಅಷ್ಟು ಸಾಕು.

ರೇಸಿನವರು ಇದಕ್ಕೆ ಕಂಡುಕೊಂಡ ಉಪಾಯ ಹೀಲ್-ಟೋ. ಬಲಗಾಲಿನ ಮುಂಗಾಲು ಬ್ರೇಕಿನ ಮೇಲೆ ಒತ್ತಿಕೊಂಡೇ ಇರುತ್ತದೆ, ಅದೇ ಕಾಲಿನ ಹಿಮ್ಮಡಿ ಅಥವಾ ಪಕ್ಕ ಹೊರಳಿ ಎಕ್ಸಲರೇಟರ್ ಅನ್ನು ಒಮ್ಮೆ ಚುಚ್ಚುತ್ತದೆ. ಎಡಗಾಲು ಕ್ಲಚ್ಚಿಗೆ. ಕಲಿತವರು ಮಾಡುವುದನ್ನು ನೋಡುವುದೇ ಒಂದು ಸುಖ. ಕಲಿಯುವಾಗ ತೊಂದರೆ ಎಲ್ಲಿ ಬರುತ್ತದೆಂದರೆ, ಪಾದ ಹೊರಳುವಾಗ ಬ್ರೇಕಿನ ಮೇಲಿನ ಒತ್ತಡ ಏರುಪೇರಾಗುತ್ತದೆ. ರೇಸ್ ಟ್ರ್ಯಾಕಿನಲ್ಲಿ ಆದರೆ ಒಂದೆರಡು ಸೆಕೆಂಡು ಹೋಯಿತು ಅಷ್ಟೇ. ಊರ ರಸ್ತೆಯಲ್ಲಿ ಎದುರಿಗೆ ಕುರಿ ಹಿಂಡು ಬಂದಾಗ ಬ್ರೇಕ್ ಏರುಪೇರಾಗುವಂತಿಲ್ಲ.

ಕಂಪ್ಯೂಟರ್ ಇದನ್ನು ಹೇಗೆ ಮಾಡುತ್ತದೆ? ಎಕ್ಸಲರೇಟರಿನಿಂದ ಎಂಜಿನ್ನಿಗೆ ತಂತಿ ಎಳೆದಿದ್ದ ಕಾಲದಲ್ಲಿ ಇದು ಸುಲಭವಿರಲಿಲ್ಲ. ಪೆಡಲ್ ಬರೀ ಸೂಚನೆ ಕಳಿಸಿ, ಥ್ರಾಟಲ್ಲನ್ನು ಮೋಟಾರು ತೆರೆಯುವ ಪದ್ಧತಿ ಬಂದ ಮೇಲೆ ದಾರಿ ತೆರೆಯಿತು. ಕ್ಲಚ್ ಪೆಡಲ್ ಬಳಿ ಒಂದು ಸೆನ್ಸರ್, ಗೇರ್ ಲಿವರ್ ಯಾವ ಮನೆಯ ಕಡೆ ಹೊರಟಿದೆ ಎಂದು ನೋಡುವ ಇನ್ನೊಂದು, ಚಕ್ರ ಅಥವಾ ಶಾಫ್ಟಿನ ವೇಗ ಎಣಿಸುವ ಮತ್ತೊಂದು. ಲಿವರ್ ಮೂರರಿಂದ ಹೊರಬಿದ್ದು ಎರಡರ ಕಡೆ ವಾಲಿತು ಎಂದು ತಿಳಿದೊಡನೆ ಮೇಲಿನ ಗುಣಾಕಾರ ನಡೆಯುತ್ತದೆ, 4000 ಎಂಬ ಗುರಿ ಸಿಗುತ್ತದೆ, ಪೆಟ್ರೋಲ್ ಎಂಜಿನ್ನಾದರೆ ಥ್ರಾಟಲ್ ತೆರೆಯುತ್ತದೆ, ಡೀಸೆಲ್ ಆದರೆ ಇಂಜೆಕ್ಟರುಗಳು ಹೆಚ್ಚು ಇಂಧನ ಚಿಮ್ಮಿಸುತ್ತವೆ. ಕ್ಲಚ್ ಮೇಲೆ ಬರುವವರೆಗೆ ಆ ಸುತ್ತನ್ನು ಹಿಡಿದಿಟ್ಟುಕೊಳ್ಳುವುದೂ ಅದರದೇ ಕೆಲಸ. ಕಿಲೋಮೀಟರ್ ಲೆಕ್ಕ ನಮ್ಮ ತಿಳಿವಳಿಕೆಗೆ. ಕಂಪ್ಯೂಟರಿಗೆ ಸುತ್ತುಗಳ ಸಂಖ್ಯೆ ಸಾಕು.

ನಿಸ್ಸಾನ್ ಕಂಪನಿ 370ಝಡ್ ಕಾರಿನಲ್ಲಿ, 2009ರ ಮಾದರಿಯಾಗಿ, ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಸಿಂಕ್ರೊರೆವ್ ಮ್ಯಾಚ್ ಎಂದು ಹೆಸರು. ಆಮೇಲೆ 2014ರ ಕಾರ್ವೆಟ್, 2015ರ ಪೋರ್ಷೆ ಕೇಮನ್ ಜಿಟಿ4, 2017ರ ಹೋಂಡಾ ಸಿವಿಕ್ ಟೈಪ್-ಆರ್ ಮತ್ತು ಹ್ಯುಂಡೈ ಐ30 ಎನ್, 2020ರ ಟೊಯೊಟಾ ಜಿಆರ್ ಯಾರಿಸ್ ಹೀಗೆ ಸಾಲು ಬೆಳೆಯಿತು. ಕಾರ್ವೆಟ್‌ನಲ್ಲಿ ಸ್ಟೀರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಇದನ್ನು ಶುರು ಮಾಡಬಹುದು, ನಿಲ್ಲಿಸಬಹುದು. ಬೇಡವೆಂದವರಿಗೆ ಆರಿಸಿಡುವ ಸ್ವಾತಂತ್ರ್ಯ ಕೊಟ್ಟದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಈ ಹೆಸರುಗಳಲ್ಲಿ ಯಾವುದೂ ನಮ್ಮ ಕಡೆ ಕಣ್ಣಿಗೆ ಬೀಳುವಂಥದ್ದಲ್ಲ, ನಿಜ. ಆದರೆ ಇದೇ ತಂತ್ರ ಇರುವ ಒಂದು ಗಾಡಿ ಗದಗ ಜಿಲ್ಲೆಯ ಮದುವೆ, ಜಾತ್ರೆ, ಸಭೆಗಳ ಮುಂದೆ ದಿನವೂ ನಿಂತಿರುತ್ತದೆ: ಮ್ಯಾನ್ಯುವಲ್ ಗೇರಿನ ಡೀಸೆಲ್ ಫಾರ್ಚೂನರ್. ಸ್ಪೋರ್ಟ್ಸ್ ಕಾರು ಅಲ್ಲವೇ ಅಲ್ಲ. ಆದರೂ ಟೊಯೊಟಾ ಅದರ ಆರು ಗೇರಿನ ಬಾಕ್ಸಿಗೆ ಐಎಂಟಿ ಎಂದು ಹೆಸರಿಟ್ಟು ರೆವ್-ಮ್ಯಾಚಿಂಗ್ ಕೊಟ್ಟಿದೆ. ಗುಂಡಿ ಒತ್ತಿದರಷ್ಟೇ ಅದು ಕೆಲಸ ಮಾಡುವುದು. ಆ ಗಾಡಿ ತಯಾರಾಗುವುದು ನಮ್ಮದೇ ಬಿಡದಿಯಲ್ಲಿ. ಅಲ್ಲೇ ಇರುವ ಟೊಯೊಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ 2004ರಿಂದ ಮ್ಯಾನ್ಯುವಲ್ ಗೇರ್‌ಬಾಕ್ಸ್ ಮಾಡಿ ಹೊರದೇಶಗಳಿಗೂ ಕಳಿಸುತ್ತ ಬಂದಿದೆ. ಹ್ಯುಂಡೈ 2020ರಲ್ಲಿ ವೆನ್ಯೂ ಕಾರಿಗೆ ಕೊಟ್ಟ ಐಎಂಟಿ ಮಾತ್ರ ಬೇರೆಯೇ. ಅದರಲ್ಲಿ ಕ್ಲಚ್ ಪೆಡಲ್ಲೇ ಇಲ್ಲ. ಶೋರೂಮಿಗೆ ಹೋಗುವವರು ಎರಡನ್ನೂ ಒಂದೇ ಎಂದು ತಿಳಿಯಬಾರದು.

ಬೈಕಿನವರಿಗೆ ಇನ್ನೊಂದು ಪರಿಹಾರ ಸಿಕ್ಕಿದೆ. 2018ರ ಯಮಹಾ ಆರ್15ರಲ್ಲಿ ಬಂದ ಸ್ಲಿಪ್ಪರ್ ಕ್ಲಚ್ ಸುತ್ತನ್ನು ಹೊಂದಿಸುವುದಿಲ್ಲ. ಹಿಂದಿನ ಚಕ್ರದ ಎಳೆತ ಮಿತಿ ಮೀರಿದರೆ ತಾನೇ ಸ್ವಲ್ಪ ಜಾರಿಕೊಟ್ಟು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ. ಬೈಕಿಗೆ ಅದು ಸರಿ. ಕಾರಿಗೆ ನನ್ನ ಆಯ್ಕೆ, ಅಂತರವನ್ನು ಸಹಿಸುವುದಕ್ಕಿಂತ ಅಂತರವನ್ನೇ ಇಲ್ಲವಾಗಿಸುವುದು.

ಡಬಲ್ ಕ್ಲಚ್ಚಿನ ಕೆಲಸವನ್ನೇ ಕಂಪ್ಯೂಟರ್ ಮಾಡುತ್ತದೆ ಎಂದು ಹೇಳುವವರಿದ್ದಾರೆ. ಅದು ತಪ್ಪು. ಡಬಲ್ ಕ್ಲಚ್ಚಿನಲ್ಲಿ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ರೇಸ್ ಕೊಡುವುದರಿಂದ ಗೇರ್‌ಬಾಕ್ಸಿನ ಒಳಬರುವ ಶಾಫ್ಟೂ ವೇಗ ಪಡೆಯುತ್ತದೆ, ಹಲ್ಲುಗಳು ಸಲೀಸಾಗಿ ಕೂಡುತ್ತವೆ. ಸ್ವಯಂಚಾಲಿತ ರೆವ್-ಮ್ಯಾಚಿಂಗ್ ನಡೆಯುವಾಗ ಕ್ಲಚ್ ಒತ್ತಿಯೇ ಇರುತ್ತದೆ. ಎಂಜಿನ್ ಎಷ್ಟೇ ಏರಿದರೂ ಶಾಫ್ಟಿಗೆ ತಲುಪುವುದಿಲ್ಲ. ಶಾಫ್ಟನ್ನು ಮೇಲೆತ್ತುವ ಕಷ್ಟ ಸಿಂಕ್ರೊಮೆಷ್‌ನ ಆ ಪುಟ್ಟ ಬಳೆಗೇ. ಆದ್ದರಿಂದ ಈ ವ್ಯವಸ್ಥೆ ಉಳಿಸುವುದು ಕ್ಲಚ್ ಪ್ಲೇಟನ್ನು, ಟೈರಿನ ಹಿಡಿತವನ್ನು, ಕೂತವರ ನೆಮ್ಮದಿಯನ್ನು. ಗೇರ್ ಹಲ್ಲಿನ ಆರೋಗ್ಯಕ್ಕೆ ಕೈಯೇ ನಯವಾಗಿರಬೇಕು. ಲಿವರನ್ನು ಗುದ್ದಿ ತಳ್ಳುವವನ ಗೇರ್‌ಬಾಕ್ಸ್ ಗುಂಡಿ ಒತ್ತಿದ್ದರೂ ಸವೆಯುತ್ತದೆ.

ಇನ್ನೊಂದು ಮಿತಿಯೂ ಇದೆ. ಅದೇ ಲೆಕ್ಕದ ಕಾರು ಗಂಟೆಗೆ 120ರಲ್ಲಿ ಓಡುವಾಗ ನಾಲ್ಕರ ಬದಲು ಕೈತಪ್ಪಿ ಎರಡಕ್ಕೆ ಬಿದ್ದರೆ ಎಂಜಿನ್ 8000 ತಿರುಗಬೇಕಾಗುತ್ತದೆ. ಕಂಪ್ಯೂಟರ್ ಅಷ್ಟು ರೇಸ್ ಕೊಡದೆ ಸುಮ್ಮನಿದ್ದೀತು. ಆದರೆ ಕ್ಲಚ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ಅಲ್ಲಿಗೆ ಎಳೆದೊಯ್ಯುತ್ತವೆ. ವಾಲ್ವ್ ಬಾಗಿದ ಮೇಲೆ ಯಾವ ಸೆನ್ಸರೂ ಕೈಹಿಡಿಯುವುದಿಲ್ಲ.

ನನ್ನ ವಾದವೆಲ್ಲ ನಿಲ್ಲುವುದು ಇಲ್ಲಿ: 4000 ಎಂಬ ಸಂಖ್ಯೆ ಕಂಪ್ಯೂಟರಿಗೆ ಗೊತ್ತು, ಎರಡನೇ ಗೇರ್ ಬೇಕೆಂಬುದು ಅದಕ್ಕೆ ಗೊತ್ತಿಲ್ಲ. ಇಳಿಜಾರು ಎಷ್ಟು ಕಡಿದು, ತಿರುವಿನಾಚೆ ಏನಿರಬಹುದು, ಗಾಡಿಯಲ್ಲಿ ಎಷ್ಟು ಜನ ಇದ್ದಾರೆ ಎಂಬುದನ್ನು ನೋಡಿ ಗೇರ್ ಆರಿಸುವವರು ನೀವು. ಚಾಲನೆಯ ಕಲೆ ಇರುವುದು ಆ ಆಯ್ಕೆಯಲ್ಲಿ, ಅದನ್ನು ತಿರುವಿಗೆ ಮೊದಲೇ ಮಾಡಿ ಮುಗಿಸುವುದರಲ್ಲಿ. ಪಾದದ ಚಮತ್ಕಾರ ಆ ಕಲೆಯ ಸೇವೆಗೆ ಇದ್ದದ್ದು. ಸೇವೆಯನ್ನು ಯಂತ್ರ ಮಾಡಿ, ನನ್ನ ಬಲಗಾಲು ಪೂರ್ತಿಯಾಗಿ ಬ್ರೇಕಿನ ಮೇಲೇ ಉಳಿಯುವುದಾದರೆ ಅದನ್ನು ಲಾಭ ಎನ್ನುತ್ತೇನೆ.

ಗುಡ್ಡ ಇಳಿಯುವಾಗ ನ್ಯೂಟ್ರಲ್‌ಗೆ ಹಾಕುವ ಚಟ ನಮ್ಮ ಭಾಗದಲ್ಲಿ ಇನ್ನೂ ಇದೆ. ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ. ಈಗಿನ ಎಂಜಿನ್ನುಗಳಲ್ಲಿ ಉಳಿಯುವುದಿಲ್ಲ. ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟರೆ ಇಂಧನವೇ ನಿಂತುಹೋಗುತ್ತದೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಬದುಕಿರಲು ಇಂಧನ ಕುಡಿಯುತ್ತಲೇ ಇರಬೇಕು. ಹುಬ್ಬಳ್ಳಿ–ಅಂಕೋಲಾ ದಾರಿಯ ಅರಬೈಲ್ ಘಟ್ಟದಲ್ಲಾಗಲಿ, ಧರ್ಮಸ್ಥಳಕ್ಕೆ ಹೋಗುವವರ ಚಾರ್ಮಾಡಿಯಲ್ಲಾಗಲಿ ಬರೀ ಬ್ರೇಕನ್ನು ನಂಬಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎರಡನೇ ಗೇರಿನ ಎಂಜಿನ್ ಬ್ರೇಕ್ ಕಾಯುವುದಿಲ್ಲ. ಎಷ್ಟೋ ಜನ ಗೇರ್ ಇಳಿಸಲು ಹಿಂಜರಿಯುವುದು ಆ ಝಟಕಾಕ್ಕೆ ಹೆದರಿಯೇ. ಹೆದರಿಕೆ ತೆಗೆಯುವ ಯಾವ ತಂತ್ರವಾದರೂ ಬರಲಿ.

ಹೊಸದಾಗಿ ಕಲಿಯುವವರಿಗೆ ಮೊದಲು ಗುಂಡಿ ಆರಿಸಿಟ್ಟು ಕಲಿಯಿರಿ ಎನ್ನುತ್ತೇನೆ. ನರೇಗಲ್ ಕಡೆಯ ನೆಟ್ಟನೆಯ ರಸ್ತೆಯಲ್ಲಿ, ಹಿಂದೆ ಮುಂದೆ ಗಾಡಿಗಳಿಲ್ಲದಾಗ, 50ರ ವೇಗದಲ್ಲಿ ನಾಲ್ಕರಿಂದ ಮೂರಕ್ಕೆ. ಬ್ರೇಕ್ ಬೇಡ, ಹೀಲ್-ಟೋ ಬೇಡ. ಕ್ಲಚ್ ಒತ್ತಿ, ಲಿವರ್ ಸರಿಸುತ್ತಲೇ ಒಂದು ಚಿಕ್ಕ ರೇಸ್, ಕ್ಲಚ್ ಬಿಡಿ. ಮುಗ್ಗರಿಸಿದರೆ ರೇಸ್ ಸಾಲದಾಯಿತು, ಮುಂದಕ್ಕೆ ಚಿಮ್ಮಿದರೆ ಹೆಚ್ಚಾಯಿತು. ಕಿವಿ ಪಳಗಿದ ಮೇಲೆ ಗುಂಡಿ ಒತ್ತಿ ಅದೇ ಗೇರ್ ಇಳಿಸಿ ನೋಡಿ. ಆಗ ಕ್ಲಚ್ಚನ್ನು ತಳದವರೆಗೆ ಒತ್ತಬೇಕು. ಅರ್ಧಕ್ಕೆ ಒತ್ತಿದರೆ ಸೆನ್ಸರ್ ಅದನ್ನು ಗೇರ್ ಬದಲಾವಣೆ ಎಂದು ಗುರುತಿಸದೆ ಹೋಗಬಹುದು. ಪೆಡಲ್ ಕೆಳಗೆ ದಪ್ಪನೆಯ ಮ್ಯಾಟ್ ಹಾಸಿದ್ದರೆ ಮೊದಲು ಅದನ್ನು ತೆಗೆಯಿರಿ.