ಹತ್ತು ದಿನದ ಶಿಬಿರ, ಐದು ದಿನದ ತಾಲೀಮು

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ರಜೆ ಬಿದ್ದರೆ ಸಾಕು, ನಮ್ಮಂಥ ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಗೋಡೆಯ ತುಂಬ ಬೇಸಿಗೆ ಶಿಬಿರದ ಪೋಸ್ಟರುಗಳು. ಚಿತ್ರಕಲೆ, ಮಣ್ಣಿನ ಕೆಲಸ, ಯೋಗ, ಕರಾಟೆ, ಜಾನಪದ ನೃತ್ಯ, ವೇದಗಣಿತ, ಎಲ್ಲವೂ ಹತ್ತೇ ದಿನದಲ್ಲಿ. ಪಟ್ಟಿ ಓದಿ ನಾನೂ ನಕ್ಕಿದ್ದೆ. ಆದರೆ ಮೂರು ಬೇಸಿಗೆ ಮಗಳನ್ನು ಇಂಥ ಶಿಬಿರಗಳಿಗೆ ಬಿಟ್ಟು, ಕರೆತಂದು, ಒಂದರಲ್ಲಿ ಮಜ್ಜಿಗೆ ಹಂಚಿದ ಮೇಲೆ ನನ್ನ ತಕರಾರು ದಿಕ್ಕು ಬದಲಿಸಿದೆ.

ಅವಧಿ ಕಮ್ಮಿ ಎನ್ನುವುದು ನನ್ನ ದೂರಲ್ಲ. ಸಣ್ಣ ಊರಿನಲ್ಲಿ ಮಗುವನ್ನು ತಬಲಾ ಕ್ಲಾಸಿಗೆ ಸೇರಿಸಿ ಎರಡೇ ತಿಂಗಳಿಗೆ ಬಿಡಿಸಿದರೆ, ಆಮೇಲೆ ಸಂತೆಯಲ್ಲಿ ಮೇಷ್ಟರಿಗೆ ಮುಖ ತಪ್ಪಿಸಿಕೊಂಡು ತಿರುಗಬೇಕು. ಶಿಬಿರದಲ್ಲಿ ಆ ಮುಲಾಜಿಲ್ಲ. ಸೋಮವಾರ ಕುಂಚ ಹಿಡಿದ ಹುಡುಗ ಬುಧವಾರ ಅದನ್ನು ಬಿಟ್ಟು ಲಗೋರಿಗೆ ಓಡಬಹುದು. ರುಚಿ ನೋಡುವುದಕ್ಕೆ ಹತ್ತು ದಿನ ಧಾರಾಳ.

ಕೆಡುವುದು ಆರನೇ ದಿನ. ಅವತ್ತು ಯಾರಾದರೂ ‘ಸಮಾರೋಪಕ್ಕೆ ಏನು ಮಾಡಿಸೋಣ?’ ಎನ್ನುತ್ತಾರೆ. ನಾನು ಮಜ್ಜಿಗೆ ಹಂಚಿದ ಶಿಬಿರದಲ್ಲಿ ಮೂಲೆಯಲ್ಲೊಬ್ಬ ಹುಡುಗ ಎರಡು ದಿನದಿಂದ ಜೇಡಿಮಣ್ಣಿನ ಬಸವನನ್ನು ಮಾಡುತ್ತಿದ್ದ. ಕಾಲು ನಿಲ್ಲುತ್ತಿರಲಿಲ್ಲ, ಮುರಿದು ಮತ್ತೆ ಮಾಡುತ್ತಿದ್ದ. ಆರನೇ ದಿನ ಅವನ ಕೈ ತೊಳೆಸಿ ಕಂಸಾಳೆ ತಂಡದ ಹಿಂದಿನ ಸಾಲಿಗೆ ನಿಲ್ಲಿಸಿದರು, ಒಬ್ಬ ಕಮ್ಮಿ ಬಿದ್ದಿದ್ದ. ಉಳಿದ ಐದು ದಿನವೂ ಸ್ಪೀಕರಿನಲ್ಲಿ ಅದೇ ಹಾಡು, ಅದೇ ಹೆಜ್ಜೆ. ಕೊನೆಗೆ ಅತಿಥಿಗಳು ಒಂದೂವರೆ ಗಂಟೆ ತಡವಾಗಿ ಬಂದರು. ಅವರಿಗೆ ಹಾರ, ಶಾಲು. ಹೆತ್ತವರ ಕೈಯಲ್ಲಿ ಮೊಬೈಲು. ಬಸವ ಕಿಟಕಿಯ ಮೇಲೆ ಒಣಗಿ ಬಿರುಕು ಬಿಟ್ಟಿದ್ದ.

ಮೈಸೂರಿನ ರಂಗಾಯಣದ ಚಿನ್ನರ ಮೇಳವೂ ಮಕ್ಕಳ ನಾಟಕಗಳಿಂದಲೇ ಮುಗಿಯುತ್ತದಲ್ಲ ಎಂದು ಕೇಳಬಹುದು. ಅದು ರಂಗಭೂಮಿಯವರು ನಡೆಸುವ ಶಿಬಿರ, ನಾಟಕ ಕಟ್ಟುವುದೇ ಅಲ್ಲಿಯ ಆಟ. ನಾವು ಆ ವೇದಿಕೆಯನ್ನಷ್ಟೇ ಕಡ ತಂದಿದ್ದೇವೆ. ನಮಗೆ ಹತ್ತಿರದ ಮಾದರಿ ಹೆಗ್ಗೋಡು ಎಂದು ನನಗನ್ನಿಸುತ್ತದೆ. 1949ರಲ್ಲಿ ಹುಟ್ಟಿದ ನೀನಾಸಮ್ ಆ ಹಳ್ಳಿಯಲ್ಲಿ ನಡೆಸಿಕೊಂಡು ಬಂದ ಸಂಸ್ಕೃತಿ ಶಿಬಿರವೂ ಕೆಲವೇ ದಿನಗಳದ್ದು. ಬಂದವರು ಹಗಲು ಕೇಳುತ್ತಾರೆ, ವಾದಿಸುತ್ತಾರೆ, ಸಂಜೆ ನಾಟಕ ನೋಡುತ್ತಾರೆ. ಕಲಿತದ್ದನ್ನು ವೇದಿಕೆ ಹತ್ತಿ ತೋರಿಸು ಎಂದು ಯಾರೂ ಅವರ ಬೆನ್ನು ಹತ್ತುವುದಿಲ್ಲ. ದೊಡ್ಡವರಿಗೆ ಕೊಟ್ಟ ಈ ರಿಯಾಯಿತಿ ಮಕ್ಕಳಿಗೆ ಏಕಿಲ್ಲ?

ಈಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲೂ, ಅಂದರೆ ಈಗಿನ ‘ಅರಿವು ಕೇಂದ್ರ’ಗಳಲ್ಲೂ, ಬೇಸಿಗೆ ಶಿಬಿರ ನಡೆಯುತ್ತಿದೆ. ನಾನು ನೋಡಿದ ಒಂದರಲ್ಲಿ ಚೆಸ್ಸು, ಚೌಕಾಬಾರ, ಗಟ್ಟಿಯಾಗಿ ಕಥೆ ಓದುವುದು, ಅಷ್ಟೆ. ಫ್ಯಾನು ತಿರುಗುತ್ತಿರಲಿಲ್ಲ, ಮಕ್ಕಳು ಎದ್ದೂ ಹೋಗುತ್ತಿರಲಿಲ್ಲ. ಇಂಥದ್ದೆಲ್ಲ ಗ್ರಂಥಪಾಲಕರ ಉತ್ಸಾಹದ ಮೇಲೆ ನಿಂತಿರುತ್ತದೆ, ಅದು ಎಲ್ಲೆಡೆ ಒಂದೇ ಅಳತೆಯಲ್ಲಿ ಸಿಗದು. ಆದರೂ ಪೇಟೆಯ ಶಿಬಿರದ ಶುಲ್ಕ ಕಟ್ಟಲಾಗದ, ಬೆಳಗಿನ ಬಸ್ಸು ಹಿಡಿಯಲಾಗದ ಹಳ್ಳಿಯ ಮಕ್ಕಳು ಅಲ್ಲಿದ್ದರು. ನಮ್ಮ ಪೋಸ್ಟರುಗಳು ಅವರಿಗಾಗಿ ಬರೆದವಲ್ಲ.

ಮೂರು ಬೇಸಿಗೆಯ ಮೇಲೆ ನನ್ನ ತೀರ್ಮಾನ ಇಷ್ಟು: ಮೊದಲ ಐದು ದಿನಕ್ಕೆ ಪೂರ್ತಿ ಅಂಕ, ಉಳಿದ ಐದಕ್ಕೆ ಸೊನ್ನೆ. ಸಂಘಟಕರೇ, ಈ ಸಲ ಕೊನೆಯ ದಿನ ಬಾಗಿಲು ತೆರೆದಿಟ್ಟು ಹೆತ್ತವರನ್ನೂ ಮಕ್ಕಳ ಪಕ್ಕದಲ್ಲೇ ನೆಲಕ್ಕೆ ಕೂರಿಸಿ. ಹಾರ, ಶಾಲು, ಶಾಮಿಯಾನದ ದುಡ್ಡಿನಲ್ಲಿ ಇನ್ನೆರಡು ಚೀಲ ಜೇಡಿಮಣ್ಣು ತರಿಸಿ.